ಹಡಗು ಹತ್ತುವ ಹಿಂದಿನ ರಾತ್ರಿ

"ಹಡಗು ಹತ್ತೋದೇನೋ ಸರಿ ಕಣವ್ವ. ಹಿಂದಿನ ರಾತ್ರಿ ಎಲ್ಲಿ ಮಲಗೋದು?"

ಅಪ್ಪ ಈ ಮಾತು ಕೇಳಿದ್ದು ಮನೆ ಮುಂದೆ ಕೊಬ್ಬರಿ ಸುಲಿಸುತ್ತಿದ್ದ ದಿನ. ನಾನು ಮೊಬೈಲ್ ಹಿಡಿದು ಅಟ್ಟದ ಏಣಿಯ ಮೇಲೆ ಕೂತು, ಲಕ್ಷದ್ವೀಪದ ನೀಲಿ ನೀರಿನ ಫೋಟೋಗಳನ್ನು ಅಮ್ಮನಿಗೆ ತೋರಿಸುತ್ತಿದ್ದೆ. ಅಪ್ಪನ ಪ್ರಶ್ನೆಗೆ "ಅದೇನು ದೊಡ್ಡ ವಿಷಯ, ಐದು ನಿಮಿಷದಲ್ಲಿ ಬುಕ್ ಮಾಡ್ತೀನಿ" ಅಂದೆ.

ಐದು ನಿಮಿಷ ಅಂದಿದ್ದು ಹನ್ನೊಂದು ದಿನ ಹಿಡಿಯಿತು. ಒಂದು ರೂಮಿನ ದುಡ್ಡು ಹೋಯಿತು, ಇನ್ನೊಂದಿಷ್ಟು ಹೋಗುವುದರಲ್ಲಿತ್ತು. ಹೋಗಿದ್ದಕ್ಕೆ ಈಗ ಬೇಸರವಿಲ್ಲ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದೂ ಅಮ್ಮನ ಬಗ್ಗೆ ನನಗೆ ಗೊತ್ತಿರದ ಒಂದು ವಿಷಯ ಆ ಹನ್ನೊಂದು ದಿನದಲ್ಲಿ ಗೊತ್ತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ತುರುವೇಕೆರೆ ಕಡೆಯ ತೆಂಗಿನ ತೋಟದವರಿಗೆ ಹಡಗಿನ ಆಸೆ ಬಂದಿದ್ದು ಹೇಗೆ ಅಂತ ಹೇಳುತ್ತೇನೆ.

ನಮ್ಮ ಕಡೆ ಎಲ್ಲ ಲೆಕ್ಕವೂ ಕೊಬ್ಬರಿ ಲೆಕ್ಕ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಿದ್ದು ನಿಮಗೆಲ್ಲ ನೆನಪಿದೆ. ಆ ವರ್ಷ ಬೆಂಬಲ ಬೆಲೆಯೇ 11,750 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ. ಆಗ ನಮ್ಮ ಮನೆಯಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರುವ ಮಾತೂ ಇರಲಿಲ್ಲ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆ 25 ಸಾವಿರ ದಾಟಿತು. ಅಟ್ಟದ ಮೇಲೆ ವರ್ಷದಿಂದ ಒಣಗುತ್ತಿದ್ದ ಕಾಯಿಗೆ ಇಂಥ ಬೆಲೆ ಬರುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಸೊಸೈಟಿ ಸಾಲ ತೀರಿತು. ಕೊಳವೆ ಬಾವಿಯ ಮೋಟಾರ್ ರಿಪೇರಿ ಆಯಿತು. ಉಳಿದ ದುಡ್ಡಲ್ಲಿ ಏನು ಮಾಡೋಣ ಅಂದಾಗ ಅಮ್ಮ, ಯಾವತ್ತೂ ಏನೂ ಕೇಳದವರು, "ಹಡಗಲ್ಲಿ ಒಂದು ಸಲ ಕೂರಬೇಕಿತ್ತು" ಅಂದರು.

ಅಮ್ಮ ಸಮುದ್ರ ನೋಡಿದ್ದು ಒಂದೇ ಸಲ, ಮುರುಡೇಶ್ವರದಲ್ಲಿ. ಮಹಿಳಾ ಸಂಘದವರ ಜೊತೆ ಬಸ್ಸಲ್ಲಿ ಹೋಗಿದ್ದು. ದೂರದಲ್ಲಿ ಒಂದು ಹಡಗು ಕಂಡಿತಂತೆ. ಅದು ಎಲ್ಲಿಗೆ ಹೋಗುತ್ತೆ ಅಂತ ಯಾರನ್ನು ಕೇಳಿದರೂ ಹೇಳಲಿಲ್ಲವಂತೆ. ಅಪ್ಪನಿಗೆ ಹಡಗಿನ ಆಸೆ ಇರಲಿಲ್ಲ. ಆದರೆ ಲಕ್ಷದ್ವೀಪದಲ್ಲಿ ಬರೀ ಮರಳಲ್ಲೇ ತೆಂಗು ಬೆಳೆಯುತ್ತೆ, ಅಲ್ಲಿಯವರೂ ಕೊಬ್ಬರಿ ಮಾಡಿ ಮಾರ್ತಾರೆ ಅಂತ ನಾನು ಹೇಳಿದ್ದೇ ತಡ, "ಅದನ್ನ ನೋಡ್ಬೇಕು" ಅಂದರು.

ಲಕ್ಷದ್ವೀಪಕ್ಕೆ ಹೋಗಲು ನಮ್ಮ ದೇಶದವರಿಗೂ ಪ್ರವೇಶ ಪರವಾನಗಿ ಬೇಕು. ಹಡಗು ಹೊರಡುವುದು ಕೇರಳದ ಕೊಚ್ಚಿಯಿಂದ. ನಾವು ಆರಿಸಿದ್ದು 'ಸಮುದ್ರಂ' ಅನ್ನುವ ಹಡಗಿನ ಪ್ಯಾಕೇಜ್. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ನೋಡುವುದು, ರಾತ್ರಿ ಹಡಗಿಗೇ ವಾಪಸ್ ಬಂದು ಮಲಗುವುದು. ಹಾಗಾಗಿ ದ್ವೀಪದಲ್ಲಿ ರೂಮಿನ ಚಿಂತೆ ಇಲ್ಲ. ಚಿಂತೆ ಇದ್ದಿದ್ದು ಕೊಚ್ಚಿಯ ಒಂದೇ ಒಂದು ರಾತ್ರಿಯದು.

ಅಪ್ಪನ ಪ್ರಕಾರ ಆ ಒಂದು ರಾತ್ರಿಯೂ ಬೇಕಿರಲಿಲ್ಲ. "ಬೆಂಗಳೂರಲ್ಲಿ ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಇಳೀತೀವಿ. ಸೀದಾ ಹಡಗಿಗೆ ಹೋದ್ರೆ ಆಯ್ತು. ಮಲಗೋಕೆ ಯಾಕೆ ದುಡ್ಡು?"

ಮೇಲ್ನೋಟಕ್ಕೆ ಸರಿ. ಆದರೆ ರೈಲು ನಾಲ್ಕು ಗಂಟೆ ತಡವಾದರೆ? ಬಸ್ ತಪ್ಪಿದರೆ ಇನ್ನೊಂದು ಬಸ್ ಬರುತ್ತೆ. ಹಡಗು ಹಾಗಲ್ಲ. ಹೊರಡುವ ಎಷ್ಟೋ ಹೊತ್ತು ಮೊದಲೇ ಬಂದರಿನಲ್ಲಿ ಹಾಜರಿರಬೇಕು, ಕಾಗದ ಪತ್ರ ತೋರಿಸಬೇಕು, ಸಾಮಾನು ತಪಾಸಣೆ ಆಗಬೇಕು. ಮೂರು ಜನರ ಪ್ಯಾಕೇಜ್ ದುಡ್ಡು ಕಟ್ಟಿ, ಒಂದು ರಾತ್ರಿಯ ಬಾಡಿಗೆ ಉಳಿಸಲು ಹೋಗಿ, ದಡದಲ್ಲಿ ನಿಂತು ಹಡಗಿಗೆ ಕೈ ಬೀಸುವ ಹಾಗಾಗಬಾರದು. ಇಷ್ಟನ್ನು ಅಪ್ಪನಿಗೆ ಒಪ್ಪಿಸಿದೆ. ಪ್ರಪಂಚದ ಯಾವ ಬಂದರಿನಿಂದ ಹಡಗು ಹತ್ತುವವರೂ ಒಂದು ದಿನ ಮೊದಲೇ ಆ ಊರು ಸೇರಿಕೊಳ್ಳುವುದು ಇದೇ ಕಾರಣಕ್ಕೆ.

ಈ ಬುಕಿಂಗ್ ನಮಗೆ ಹೊಸದು. ನಮ್ಮೂರಿನವರು ಊರು ಬಿಟ್ಟು ಹೋಗುವುದೇ ಇಲ್ಲ ಅಂತಲ್ಲ. ಧರ್ಮಸ್ಥಳಕ್ಕೆ ಹೋದರೆ ವಸತಿಗೃಹದ ಸಾಲಿನಲ್ಲಿ ನಿಲ್ಲುತ್ತೇವೆ. ಸಿದ್ಧಗಂಗೆಗೆ, ಎಡೆಯೂರಿಗೆ ಹೋದರೆ ಎಲ್ಲೋ ಒಂದು ಕಡೆ ಚಾಪೆ ಹಾಸುತ್ತೇವೆ. ಬೆಂಗಳೂರಿಗೆ ಹೋದರೆ ನೆಂಟರ ಮನೆ ಇದ್ದೇ ಇದೆ. ಬುಕ್ ಮಾಡುವುದು ಅಂದರೆ ಕಾಣದ ಊರಿನ ಕಾಣದ ಕೋಣೆಗೆ ಮೊದಲೇ ದುಡ್ಡು ಕೊಡುವುದು. ಅಪ್ಪನಿಗೆ ಅದು ಕಾಯಿ ನೋಡದೆ ಕೊಬ್ಬರಿಗೆ ಅಡ್ವಾನ್ಸ್ ಕೊಟ್ಟ ಹಾಗೆ.

ನಾನು ಮಾಡಿದ ಮೊದಲ ತಪ್ಪು, ಆ್ಯಪ್ ತೆಗೆದವಳೇ ಕಡಿಮೆ ಬೆಲೆಯದು ಮೊದಲು ಬರುವ ಹಾಗೆ ಜೋಡಿಸಿದ್ದು. ಸಾವಿರದ ಒಳಗೂ ರೂಮುಗಳು ಕಂಡವು. ಒಂದು ರೂಮು ಬಂದರಿಗೆ ಎರಡು ಕಿಲೋಮೀಟರ್ ಒಳಗೆ ಅಂತ ತೋರಿಸಿತು. ಫೋಟೋದಲ್ಲಿ ಬಿಳಿ ಹಾಸಿಗೆ, ಮೇಲೆ ಕೆಂಪು ದಿಂಬು. ಕೆಳಗೆ ಸಣ್ಣ ಅಕ್ಷರದಲ್ಲಿ ರದ್ದು ಮಾಡಿದರೆ ಹಣ ವಾಪಸ್ ಇಲ್ಲ ಅಂತಿತ್ತು. ಅದನ್ನು ಓದಲೂ ಇಲ್ಲ. 1,260 ರೂಪಾಯಿ ಕಟ್ಟಿ, ಅಪ್ಪನಿಗೆ ಸ್ಕ್ರೀನ್ ತೋರಿಸಿ, ಐದು ನಿಮಿಷ ಅಂದಿದ್ದೆನಲ್ಲ, ನೋಡು ಅಂದೆ.

ಎರಡು ದಿನ ಬಿಟ್ಟು ಅನುಮಾನ ಬಂತು. ರೈಲು ಬೆಳಿಗ್ಗೆಯೇ ಇಳಿಸುತ್ತೆ, ರೂಮು ಕೊಡುವುದು ಮಧ್ಯಾಹ್ನ ಎರಡಕ್ಕೆ ಅಂತ ಬರೆದಿತ್ತು. ಅಷ್ಟು ಹೊತ್ತು ಎಲ್ಲಿರುವುದು? ಕೇಳೋಣ ಅಂತ ಲಾಡ್ಜಿನ ಹೆಸರು ಹುಡುಕಿ, ಸಿಕ್ಕ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಬೇಗ ರೂಮು ಕೊಡ್ತೀವಿ, ಅದಕ್ಕೆ 2,000 ರೂಪಾಯಿ ಡೆಪಾಸಿಟ್ ಕಳಿಸಿ, ಬಂದ ಕೂಡಲೇ ವಾಪಸ್ ಅಂದರು. ವಾಟ್ಸ್ಆ್ಯಪ್‌ಗೆ ಕ್ಯೂಆರ್ ಕೋಡ್ ಬಂತು. ನಾನು ಸ್ಕ್ಯಾನ್ ಮಾಡಿ ಪಿನ್ ಒತ್ತುವುದರಲ್ಲಿದ್ದೆ.

ಅಪ್ಪ ಪಕ್ಕದಲ್ಲೇ ಕೂತಿದ್ದರು. "ಅವರ ರೂಮಿಗೆ ದುಡ್ಡು ಕೊಟ್ಟಾಗಿದೆ ಅಂದಲ್ಲ, ಮತ್ತೆ ಯಾಕೆ ಕೊಡ್ತಿದೀಯ? ಆ ಮನುಷ್ಯನಿಗೆ ನಿನ್ನ ಹೆಸರು ಗೊತ್ತಾ ಕೇಳು ಮೊದಲು" ಅಂದರು.

ಕೇಳಿದೆ. ನನ್ನ ಬುಕಿಂಗ್ ಯಾವ ತಾರೀಖಿಗೆ, ಯಾರ ಹೆಸರಲ್ಲಿದೆ ಹೇಳಿ ಅಂದೆ. ಲೈನ್ ಕಟ್ ಆಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಬುಕಿಂಗ್ ಚೀಟಿಯಲ್ಲಿದ್ದ ನಂಬರ್ ನೋಡಿದರೆ ಅದೇ ಬೇರೆ. ಪತ್ರಿಕೋದ್ಯಮ ಓದಿದವಳು, ಸೈಬರ್ ಮೋಸದ ಬಗ್ಗೆ ಎರಡು ವರದಿ ಬರೆದವಳು, ಮರ್ಯಾದೆಯ ದನಿಗೆ ಬಿದ್ದು ಹೋಗುವವಳಿದ್ದೆ. ಇಂಥ ಕಡೆ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು ಅಂತ ಊರಿಗೆಲ್ಲ ಹೇಳುತ್ತಿದ್ದವಳೂ ನಾನೇ.

ಸರಿಯಾದ ನಂಬರಿಗೆ ಫೋನ್ ಮಾಡಿದಾಗ ಇನ್ನೊಂದು ಸತ್ಯ ಹೊರಬಿತ್ತು. ರೂಮು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಲಾಡ್ಜ್ ಇರುವುದು ಫೋರ್ಟ್ ಕೊಚ್ಚಿಯಲ್ಲಿ. ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ನಡುವೆ ನೀರು!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕೊಚ್ಚಿಗೆ ಹೋಗುವ ಯಾರಿಗಾದರೂ ಇದು ಆಗಬಹುದು. ಮಲ್ಲಾಘಟ್ಟ ಕೆರೆಯ ಈ ದಡದಲ್ಲಿ ನಿಂತರೆ ಆ ದಡದ ತೋಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತೆ. ಹೋಗಬೇಕಾದರೆ ಸುತ್ತಿಕೊಂಡೇ ಹೋಗಬೇಕು. ಆ್ಯಪ್ ತೋರಿಸುವ ದೂರ ಎಷ್ಟೋ ಸಲ ಹಕ್ಕಿ ಹಾರುವ ದೂರ. ಕೊಚ್ಚಿ ಅಂದರೆ ಒಂದೇ ಊರಲ್ಲ. ಎರ್ನಾಕುಲಂ ಗಟ್ಟಿ ನೆಲದ ಕಡೆ ಇದೆ. ಫೋರ್ಟ್ ಕೊಚ್ಚಿ, ಮಟ್ಟಂಚೇರಿ ಹಿನ್ನೀರಿನ ಆಚೆ. ನಡುವೆ ವಿಲ್ಲಿಂಗ್ಡನ್ ದ್ವೀಪ. ಬ್ರಿಟಿಷರ ಕಾಲದಲ್ಲಿ ರಾಬರ್ಟ್ ಬ್ರಿಸ್ಟೋ ಅನ್ನುವ ಎಂಜಿನಿಯರ್ ಬಂದರನ್ನು ಆಳ ಮಾಡಿಸಿದಾಗ, ಎತ್ತಿದ ಹೂಳನ್ನೇ ಸುರಿದು ಬೆಳೆಸಿದ ದ್ವೀಪ ಅದು. ವೈಸ್‌ರಾಯ್ ಆಗಿದ್ದ ವಿಲ್ಲಿಂಗ್ಡನ್ ಹೆಸರು ಇಟ್ಟರು. ಕಂಟೇನರ್ ಹಡಗುಗಳು ಬರುವ ವಲ್ಲಾರ್ಪಾಡಂ ಬಂದರು ಇನ್ನೊಂದು ಕಡೆ. ಹಾಗಾಗಿ ಬರೀ 'ಕೊಚ್ಚಿ ಬಂದರು' ಅಂತ ಹುಡುಕಿದರೆ ಸಾಲದು. ಇನ್ನು ವಿಮಾನ ನಿಲ್ದಾಣ ಇರುವ ನೆಡುಂಬಾಶೇರಿ ಊರಿಂದ ಬಹಳ ದೂರ. ಅಲ್ಲಿನ ಹೋಟೆಲುಗಳೂ ಆ್ಯಪ್‌ನಲ್ಲಿ ಕೊಚ್ಚಿ ಅಂತಲೇ ಬರುತ್ತವೆ.

ರೈಲು ನಿಲ್ದಾಣಗಳೂ ಎರಡು. ಎರ್ನಾಕುಲಂ ಜಂಕ್ಷನ್ ಅನ್ನು ಜನ ಸೌತ್ ಅನ್ನುತ್ತಾರೆ, ಎರ್ನಾಕುಲಂ ಟೌನ್ ಅನ್ನು ನಾರ್ತ್ ಅನ್ನುತ್ತಾರೆ. ನಮ್ಮ ರೈಲು ಬೆಂಗಳೂರು–ಕನ್ಯಾಕುಮಾರಿ ಎಕ್ಸ್‌ಪ್ರೆಸ್. ಅದು ನಿಲ್ಲುವುದು ಟೌನ್‌ನಲ್ಲಿ. ಈ ರೈಲನ್ನು ಹಳಬರು ಈಗಲೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಅನ್ನುತ್ತಾರೆ. ಒಂದು ಕಾಲದಲ್ಲಿ ಅದು ಬೆಂಗಳೂರಿನಿಂದ ಹೊರಟು ಆ ವಿಲ್ಲಿಂಗ್ಡನ್ ದ್ವೀಪದಲ್ಲೇ, ಹಾರ್ಬರ್ ಟರ್ಮಿನಸ್ ನಿಲ್ದಾಣದಲ್ಲೇ ಕೊನೆಯಾಗುತ್ತಿತ್ತು. ಇದನ್ನು ಹೇಳಿದಾಗ ಅಪ್ಪ, "ಆಗ್ಲೇ ಹೋಗಿದ್ರೆ ನಿನ್ನ ರೂಮಿನ ರಗಳೆನೇ ಇರ್ತಿರಲಿಲ್ಲ" ಅಂದರು.

1,260 ರೂಪಾಯಿ ವಾಪಸ್ ಬರಲಿಲ್ಲ. ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮುಂದಿನ ಸಲ ಹುಡುಕುವ ರೀತಿ ಬದಲಾಯಿಸಿದೆ. ಮೊದಲು ದಾರಿ ನೋಡಿದೆ. ಎರ್ನಾಕುಲಂ ಕಡೆಯಿಂದ ವಿಲ್ಲಿಂಗ್ಡನ್ ದ್ವೀಪಕ್ಕೆ ಹೋಗುವ ರಸ್ತೆ ವೆಂಡುರುತ್ತಿ ಸೇತುವೆ ಮೇಲೆ ಹಾದು ಹೋಗುತ್ತದೆ. ಹಾಗಾದರೆ ರೂಮು ಎರ್ನಾಕುಲಂ ಸೌತ್ ನಿಲ್ದಾಣದ ಸುತ್ತಮುತ್ತ, ತೇವರ ಕಡೆಗೆ ಇರಬೇಕು. ಹೊರಡುವ ದಿನ ಬೆಳಿಗ್ಗೆ ಆಟೋದಲ್ಲಿ ಸೇತುವೆ ದಾಟಿದರೆ ಬಂದರು. ಆ ಭಾಗದ ಹದಿನೈದು ಹೋಟೆಲುಗಳ ಅಭಿಪ್ರಾಯ ಓದಿದೆ. ಹೊಗಳಿದವರದ್ದಲ್ಲ, ಒಂದು ಎರಡು ಸ್ಟಾರ್ ಕೊಟ್ಟವರದ್ದು, ಅದರಲ್ಲೂ ಇತ್ತೀಚಿನ ಮೂರು ತಿಂಗಳದ್ದು. ಒಬ್ಬರು ಬೈದರೆ ಅವರ ಕೋಪ ಇರಬಹುದು. ಐದು ಜನ ಒಂದೇ ವಿಷಯಕ್ಕೆ ಬೈದಿದ್ದರೆ, ಬಿಸಿನೀರು ಬರಲ್ಲ ಅಂತಲೋ, ರಾತ್ರಿ ಪಕ್ಕದ ಬಾರಿನ ಗಲಾಟೆ ಅಂತಲೋ, ಅದು ನಿಜ. ಬರೆದವರು ಹಾಕಿದ ಫೋಟೋ ನೋಡಿದೆ, ಹೋಟೆಲಿನವರು ಹಾಕಿದ್ದನ್ನಲ್ಲ. ಕೊನೆಗೆ ನಾಲ್ಕು ಉಳಿದವು. ನಾಲ್ಕಕ್ಕೂ ಅವರವರ ಸ್ವಂತ ನಂಬರ್ ಎರಡು ಕಡೆ ತಾಳೆ ನೋಡಿ ಫೋನ್ ಮಾಡಿದೆ.

ಅಪ್ಪ ಕೊಬ್ಬರಿ ಆಗಿದೆಯಾ ಅಂತ ನೋಡುವುದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಫೋನ್ ಮಾಡುವುದೂ ಅದೇ. ಒಬ್ಬರು ಪ್ರಶ್ನೆ ಮುಗಿಯುವ ಮೊದಲೇ "ಎಲ್ಲಾ ಇದೆ ಮೇಡಂ" ಅಂದರು. ಇನ್ನೊಬ್ಬರು ಎತ್ತಲೇ ಇಲ್ಲ. ಮೂರನೆಯ ಹೋಟೆಲಿನಲ್ಲಿ ಎತ್ತಿದ್ದು ಒಬ್ಬ ಹೆಂಗಸು. ನಾನು ಇಂಗ್ಲಿಷಿನಲ್ಲಿ ತಡವರಿಸಿದ್ದು ಕೇಳಿ, "ಕನ್ನಡ ಹೇಳಿ, ನಾನು ಮಡಿವಾಳದಲ್ಲಿ ಕೆಲಸ ಮಾಡಿದ್ದೆ" ಅಂದರು. ನಾನು ಬಾಡಿಗೆ ಎಷ್ಟು ಅಂತ ಕೇಳಿದೆ. ಅವರು ಉತ್ತರ ಹೇಳದೆ ಒಂದು ಪ್ರಶ್ನೆ ಕೇಳಿದರು.

"ಯಾರು ಉಳಿಯೋದು? ವಯಸ್ಸಾದವರು ಇದ್ದಾರಾ? ಅವರಿಗೆ ಏನೇನು ಬೇಕು?"

ಅಮ್ಮನಿಗೆ ಮಂಡಿ ನೋವು ಅಂದೆ. "ಯಾವ ಕಾಲು? ಕೆಳಗೆ ಕೂರೋಕೆ ಆಗುತ್ತಾ? ಇಂಡಿಯನ್ ಟಾಯ್ಲೆಟ್ ಆಗುತ್ತಾ, ವೆಸ್ಟರ್ನ್ ಬೇಕಾ?" ಅಂದರು.

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳ್ತೀನಿ ಅಂತ ಫೋನ್ ಇಟ್ಟೆ.

ಅಮ್ಮ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಒಂದು ವಾರದಿಂದ ರೂಮಿನ ಬಗ್ಗೆ ಅಪ್ಪನ ಜೊತೆ ಮಾತಾಡಿದ್ದೆ, ಗೆಳತಿಯರ ಜೊತೆ ಮಾತಾಡಿದ್ದೆ, ಕಾಣದ ಮೋಸಗಾರನ ಜೊತೆಯೂ ಮಾತಾಡಿದ್ದೆ. ಅಮ್ಮನನ್ನು ಒಂದು ಮಾತೂ ಕೇಳಿರಲಿಲ್ಲ. ಹಡಗಿನ ಆಸೆ ಅಮ್ಮನದ್ದು, ಆದರೆ ರೂಮು ನಮ್ಮದು ಅನ್ನುವ ಹಾಗೆ.

"ಏನಾದ್ರೂ ಆಗುತ್ತೆ ಬಿಡು, ಒಂದು ರಾತ್ರಿ ತಾನೆ" ಅಂದರು ಮೊದಲು. ಬಿಡದೆ ಕೇಳಿದೆ. ಆಗ ಒಂದೊಂದೇ ಬಂತು. ಎಡಗಾಲು ಮಡಚಕ್ಕೆ ಆಗಲ್ಲ, ಕೂತರೆ ಏಳಲು ಗೋಡೆ ಹಿಡಿಯಬೇಕು. ಎಸಿ ಇದ್ದರೆ ಮಂಡಿ ಬಿಗಿಯುತ್ತೆ. ಬೆಳಿಗ್ಗೆ ಐದಕ್ಕೆ ಬಿಸಿನೀರು ಬೇಕು, ಕಾಲಿಗೆ ಹುಯ್ದುಕೊಂಡರೆ ದಿನವೆಲ್ಲ ಓಡಾಡಬಹುದು. ಆಮೇಲೆ ಪಾತ್ರೆ ಕಡೆ ನೋಡುತ್ತಲೇ ಒಂದು ಮಾತು ಹೇಳಿದರು.

"ಎಲ್ಲಿಗಾದ್ರೂ ಹೊರಟ್ರೆ ನಾನು ಹಿಂದಿನ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯಲ್ಲ. ದಾರೀಲಿ ಎಲ್ಲಿ ಹೋಗೋದು? ಮುರುಡೇಶ್ವರದಲ್ಲಿ ತಲೆ ಸುತ್ತಿ ಕೂತಿದ್ದು ಅದಕ್ಕೇ. ಬಿಸಿಲಿಗೆ ಅಂತ ನಿಮಗೆಲ್ಲ ಹೇಳಿದ್ದೆ."

ಸಮುದ್ರ ನೋಡಿದ ಕತೆಯನ್ನು ನೂರು ಸಲ ಕೇಳಿದ್ದೇನೆ. ಈ ಭಾಗ ಮಾತ್ರ ಕೇಳಿರಲಿಲ್ಲ. ಮದುವೆ, ತಿಥಿ, ಜಾತ್ರೆ, ಆಸ್ಪತ್ರೆ, ಎಲ್ಲಿಗೆ ಹೋದರೂ ಅಮ್ಮ ಹೀಗೇ ಬಾಯಾರಿಕೊಂಡೇ ಹೋಗಿ ಬಂದಿದ್ದಾರೆ. ಇದನ್ನು ಓದುತ್ತಿರುವ ಹೆಂಗಸರಿಗೆ ಇದು ಹೊಸದಲ್ಲ ಅಂತ ಗೊತ್ತು. ಗಂಡಸರು ಮನೆಯಲ್ಲಿ ಒಂದು ಸಲ ಕೇಳಿ ನೋಡಿ.

ಆ ಹೋಟೆಲಿಗೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಹೆಂಗಸು ಒಂದೊಂದಕ್ಕೂ ಉತ್ತರ ಕೊಟ್ಟರು. ಲಿಫ್ಟ್ ಇದೆ, ಆದರೆ ಕರೆಂಟ್ ಹೋದರೆ ಕಷ್ಟ, ಮೊದಲ ಮಹಡಿಯಲ್ಲೇ ಕೊಡ್ತೀನಿ. ವೆಸ್ಟರ್ನ್ ಟಾಯ್ಲೆಟ್, ಗೋಡೆಗೆ ಹಿಡಿ ಇಲ್ಲ, ಬೇಕಾದರೆ ಪ್ಲಾಸ್ಟಿಕ್ ಸ್ಟೂಲ್ ಇಡಿಸ್ತೀನಿ. ಗೀಸರ್ ರೂಮಲ್ಲೇ ಇದೆ, ಯಾವಾಗ ಬೇಕಾದರೂ ಬಿಸಿನೀರು. ಎಸಿ ಇಲ್ಲದ ರೂಮು 1,900. ಮೂರನೆಯವರಿಗೆ ಹಾಸಿಗೆ 500, ಅದು ಮಂಚ ಅಲ್ಲ, ನೆಲದ ಮೇಲೆ ಹಾಕುವ ಹಾಸಿಗೆ, ಮೊದಲೇ ಹೇಳಿರ್ತೀನಿ. ಅದರ ಮೇಲೆ ಶೇಕಡಾ 5 ಜಿಎಸ್‌ಟಿ. ಒಟ್ಟು 2,520 ರೂಪಾಯಿ. 2025ರ ಸೆಪ್ಟೆಂಬರ್ 22ಕ್ಕೂ ಮೊದಲು ಇಂಥ ರೂಮಿಗೆ ತೆರಿಗೆ ಶೇಕಡಾ 12 ಇತ್ತು, ಈಗ ಕಡಿಮೆಯಾಗಿದೆ. ಆ್ಯಪ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಬೆಲೆಗೆ ಈ ತೆರಿಗೆ ಎಷ್ಟೋ ಸಲ ಸೇರಿರುವುದಿಲ್ಲ. ಕೊನೆಯ ಪುಟದವರೆಗೆ ಹೋಗಿ ನೋಡಿದರೇ ನಿಜವಾದ ಬೆಲೆ.

ಬೆಳಿಗ್ಗೆ ಬೇಗ ಬರುವ ವಿಷಯವನ್ನೂ ಕೇಳಿದೆ. "ರೂಮು ಕೊಡೋದು ಹನ್ನೆರಡಕ್ಕೆ. ಹಿಂದಿನ ರಾತ್ರಿ ಖಾಲಿ ಇದ್ದರೆ ಬಂದ ತಕ್ಷಣ ಕೊಡ್ತೀನಿ. ಇಲ್ಲದಿದ್ದರೆ ಸಾಮಾನು ಇಲ್ಲಿಡಿ, ಕೆಳಗಿನ ಟಾಯ್ಲೆಟ್ ಬಳಸಿ, ಅಮ್ಮನಿಗೆ ಸೋಫಾ ಇದೆ" ಅಂದರು. ಎಲ್ಲ ಕಡೆ ಹೀಗೆ ಹೇಳುವವರು ಸಿಗುವುದಿಲ್ಲ. ಆಗ ಇನ್ನೊಂದು ದಾರಿ ಇದೆ. ದೊಡ್ಡ ರೈಲು ನಿಲ್ದಾಣಗಳಲ್ಲಿ ವಿಶ್ರಾಂತಿ ಕೊಠಡಿಗಳಿರುತ್ತವೆ. ಖಾತ್ರಿಯಾದ ಟಿಕೆಟ್‌ನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಕೆಲವು ಗಂಟೆಗಳಿಗೂ ಬುಕ್ ಮಾಡಬಹುದು.

ಅಪ್ಪ ಲೆಕ್ಕ ಹಾಕಿದರು. "ನಾವು ಮಾರಿದ್ದು ಕೆ.ಜಿ.ಗೆ ಇನ್ನೂರೈವತ್ತು. ಹತ್ತು ಕೆ.ಜಿ. ಕೊಬ್ಬರಿ ಒಂದು ರಾತ್ರಿಗೆ. 2023ರಲ್ಲಾಗಿದ್ರೆ ಮೂವತ್ತು ಕೆ.ಜಿ. ಮೇಲೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. ನೀರಿನ ಮಾತು ಅವರಿಗೂ ಅವತ್ತೇ ಗೊತ್ತಾಗಿದ್ದು. "ಮಾಡು ಬುಕ್" ಅಂದರು.

ಹೋಟೆಲಿನಲ್ಲೇ ಹಣ ಕೊಡುವ, ಹಿಂದಿನ ದಿನದವರೆಗೆ ರದ್ದು ಮಾಡಬಹುದಾದ ಬುಕಿಂಗ್ ಮಾಡಿದೆ. ಬೆಲೆ ನೂರಿನ್ನೂರು ಜಾಸ್ತಿ ಆದರೂ ಹಡಗಿಗೆ ಹೋಗುವವರಿಗೆ ಇದೇ ಸರಿ. ಗಾಳಿ, ಮಳೆ ಅಂತ ಸಮುದ್ರದ ವೇಳಾಪಟ್ಟಿ ಬದಲಾಗುವುದು ಇದ್ದದ್ದೇ. ಹಡಗಿನ ತಾರೀಖು ಬದಲಾದರೆ ರೂಮಿನ ತಾರೀಖೂ ಬದಲಾಗಬೇಕು. ಹೊರಡುವ ಎರಡು ದಿನ ಮೊದಲು ಮತ್ತೊಂದು ಸಲ ಫೋನ್ ಮಾಡಿ ಖಚಿತ ಮಾಡಿಕೊಂಡೆ.

ಡಿಸೆಂಬರ್‌ನ ಒಂದು ಬೆಳಿಗ್ಗೆ ಎರ್ನಾಕುಲಂ ಟೌನ್‌ನಲ್ಲಿ ಇಳಿದೆವು. ರೈಲು ತಡವಾಗಿರಲಿಲ್ಲ, ಅಪ್ಪ ಅದನ್ನು ಎರಡು ಸಲ ನೆನಪಿಸಿದರು. ಆಟೋದಲ್ಲಿ ಹೋಟೆಲಿಗೆ ಹೋದಾಗ ಆ ಹೆಂಗಸು ಕೌಂಟರಿನಲ್ಲೇ ಇದ್ದರು. ಮೂವರ ಆಧಾರ್ ತೆಗೆದುಕೊಂಡು ಬರೆದುಕೊಂಡರು. ರೂಮು ಖಾಲಿ ಇತ್ತು, ಕೀಲಿ ಕೊಟ್ಟರು. ಸ್ನಾನದ ಮನೆಯಲ್ಲಿ ನೀಲಿ ಪ್ಲಾಸ್ಟಿಕ್ ಸ್ಟೂಲ್ ಇತ್ತು.

ಅಮ್ಮ ಮೊದಲು ಮಾಡಿದ ಕೆಲಸ ಟಾಯ್ಲೆಟ್ ನೋಡಿದ್ದು. ಎರಡನೆಯದು, ಚೀಲದಿಂದ ಬಾಟಲಿ ತೆಗೆದು ನಿಂತ ಹಾಗೇ ಅರ್ಧ ಬಾಟಲಿ ನೀರು ಕುಡಿದಿದ್ದು. ಅಪ್ಪ ಕಿಟಕಿ ಕಡೆ ತಿರುಗಿಕೊಂಡರು.

ಮಧ್ಯಾಹ್ನ ಊಟ ಆದ ಮೇಲೆ ಅಮ್ಮ ಮಲಗಿದರು. ಹಗಲು ಹೊತ್ತಿನಲ್ಲಿ, ಜ್ವರವಿಲ್ಲದೆ, ಬಾಗಿಲು ಹಾಕಿಕೊಂಡು. ಸಂಜೆ ನಾಲ್ಕರವರೆಗೆ ಏಳಲಿಲ್ಲ. ಅಪ್ಪ, "ಮದುವೆ ಆದಾಗಿಂದ ಇವಳು ಹಗಲು ಮಲಗಿದ್ದು ನಾನು ನೋಡಿಲ್ಲ" ಅಂದರು. ನಾವಿಬ್ಬರೂ ಸದ್ದು ಮಾಡದೆ ಹೊರಗೆ ಹೋಗಿ ಟೀ ಕುಡಿದೆವು. ತೆಂಗು ಅಭಿವೃದ್ಧಿ ಮಂಡಳಿಯ ಮುಖ್ಯ ಕಚೇರಿ ಇರುವುದು ಇದೇ ಊರಿನಲ್ಲಿ, 1981ರಿಂದ ಅಂದಾಗ ಅಪ್ಪ, "ಹಾಗಾದ್ರೆ ನಮ್ಮ ನುಸಿ ರೋಗದ ಅರ್ಜಿ ಇಲ್ಲಿಗೇ ಬಂದಿರುತ್ತೆ" ಅಂದರು. ಟೀ ಅಂಗಡಿಯವನ ಜೊತೆ ಕೈಸನ್ನೆಯಲ್ಲೇ ತೆಂಗಿನಕಾಯಿ ಬೆಲೆ ವಿಚಾರಿಸಿದರು. ಬರುವಾಗ ಹೋಟೆಲಿನ ಕೌಂಟರಿಗೆ ಊರಿಂದ ತಂದಿದ್ದ ನಾಲ್ಕು ಉಂಡೆ ಕೊಬ್ಬರಿ ಕೊಟ್ಟರು. ಆ ಹೆಂಗಸು ಒಂದನ್ನು ಕೈಯಲ್ಲಿ ಹಿಡಿದು, "ಇಷ್ಟು ಗುಂಡಗೆ!" ಅಂದರು. ಕೇರಳದಲ್ಲಿ ಕೊಬ್ಬರಿ ಅಂದರೆ ಎಣ್ಣೆ ಗಾಣಕ್ಕೆ ಹೋಗುವ ಹೋಳುಗಳು. ನಮ್ಮ ಉಂಡೆ ಅವರಿಗೆ ಹೊಸದು.

ಮರುದಿನ ಬೆಳಿಗ್ಗೆ ಐದಕ್ಕೆ ಗೀಸರ್ ಹಾಕುವ ಸದ್ದಿಗೆ ನನಗೆ ಎಚ್ಚರವಾಯಿತು. ಹೊರಡುವ ಮೊದಲು ನೋಡುತ್ತೇನೆ, ಅಮ್ಮ ಹಾಸಿಗೆಯ ಬೆಡ್‌ಶೀಟ್ ಮಡಚಿಟ್ಟು, ಟೀ ಕಪ್ಪುಗಳನ್ನು ತೊಳೆದು ಸಾಲಾಗಿ ಬೋರಲು ಹಾಕಿದ್ದರು. "ಅವರು ಮಾಡ್ತಾರೆ ಬಿಡಮ್ಮ" ಅಂದರೆ, "ಮಾಡ್ಲಿ, ನಾವು ಹೀಗೇ ಬಿಟ್ಟು ಹೋದ್ರು ಅನ್ನಬಾರದಲ್ಲ" ಅಂದರು.

ಸೇತುವೆ ದಾಟಿ ಬಂದರಿಗೆ ಬಂದಾಗ ಹೇಳಿದ ಸಮಯಕ್ಕೆ ಇನ್ನೂ ಒಂದು ಗಂಟೆ ಇತ್ತು. ಹಡಗಿನ ಕತೆ ಇನ್ನೊಂದು ಸಲ ಬರೆಯುತ್ತೇನೆ. ಒಂದು ಮಾತು ಮಾತ್ರ ಈಗಲೇ ಹೇಳಬೇಕು. ದ್ವೀಪಗಳ ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ಎಷ್ಟೋ ಕಡೆ ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಅಲುಗಾಡುವ ಸಣ್ಣ ದೋಣಿಗೆ ಇಳಿಯಬೇಕು. ಕಾಲು ನೋವಿನವರಿಗೆ ಅದು ಸುಲಭವಲ್ಲ, ಹೋಗುವ ಮೊದಲೇ ವಿಚಾರಿಸಿ. ಅಮ್ಮ ಇಳಿದರು. ಹಿಂದಿನ ರಾತ್ರಿ ನಿಲ್ದಾಣದ ಬೆಂಚಿನ ಮೇಲೆ ಕೂತೇ ಕಳೆದಿದ್ದರೆ ಇಳಿಯಲು ಆಗುತ್ತಿರಲಿಲ್ಲ ಅಂತ ಅವರೇ ಹೇಳಿದರು.

ನನ್ನ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹೋಗುವ ದಿನಕ್ಕೆ ಇಷ್ಟೆಲ್ಲ ಮಾಡಿದವಳು, ಬರುವ ದಿನವನ್ನು ಮರೆತೇಬಿಟ್ಟಿದ್ದೆ. ಹಡಗು ಬೆಳಿಗ್ಗೆ ದಡಕ್ಕೆ ಬಂತು, ರೈಲು ಸಂಜೆಗೆ. ನಡುವಿನ ಹೊತ್ತು ಎಲ್ಲಿ? ಇನ್ನೂ ನೆಲ ಅಲ್ಲಾಡಿದ ಹಾಗೇ ಆಗುತ್ತಿದ್ದ ಅಮ್ಮನನ್ನು ಬಂದರಿನ ಬೆಂಚಿನ ಮೇಲೆ ಕೂರಿಸಿ ಅದೇ ಹೋಟೆಲಿಗೆ ಫೋನ್ ಮಾಡಿದೆ. "ಉಂಡೆ ಕೊಬ್ಬರಿಯವರಾ? ಬನ್ನಿ" ಅಂದರು. ಅರ್ಧ ದಿನಕ್ಕೆ 900 ರೂಪಾಯಿ ತೆಗೆದುಕೊಂಡರು. ಈ ಸಲ ಅಪ್ಪ ಕೊಬ್ಬರಿ ಲೆಕ್ಕ ಹಾಕಲಿಲ್ಲ.

ಊರಿಗೆ ಬಂದ ಮೇಲೆ ಎಲ್ಲರೂ ಸಮುದ್ರದ ಬಗ್ಗೆ ಕೇಳಿದರು. ಅಮ್ಮ ಹಡಗಿನ ಬಗ್ಗೆ, ಮಿನಿಕಾಯ್ ದ್ವೀಪದ ಬಗ್ಗೆ, ನೀರಿನ ಬಣ್ಣದ ಬಗ್ಗೆ ಹೇಳುತ್ತಾರೆ. ಹೆಂಗಸರಷ್ಟೇ ಇದ್ದಾಗ ಮಾತ್ರ ಆ ಹೋಟೆಲಿನ ರೂಮಿನ ಬಗ್ಗೆ, ಮಧ್ಯಾಹ್ನ ಮಲಗಿದ್ದರ ಬಗ್ಗೆ ಹೇಳುತ್ತಾರೆ.

ಹೋದ ವಾರ ಚಿಕ್ಕನಾಯಕನಹಳ್ಳಿಯ ದೊಡ್ಡಮ್ಮ ಬಂದಿದ್ದರು. ಮಕ್ಕಳು ಕಾಶಿಗೆ ಕಳಿಸುತ್ತಿದ್ದಾರಂತೆ. "ನೀನು ರೂಮು ಬುಕ್ ಮಾಡೋದರಲ್ಲಿ ಜೋರಂತಲ್ಲ, ಕಡಿಮೆ ರೇಟಿನದು ಒಂದು ನೋಡಿಕೊಡು" ಅಂದರು.

ಮೊಬೈಲ್ ತೆಗೆಯುವ ಮೊದಲು ಅವರ ಪಕ್ಕದಲ್ಲಿ ಕೂತೆ. "ದೊಡ್ಡಮ್ಮ, ದಾರೀಲಿ ನೀರು ಕುಡೀತೀರಾ?" ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, ಆಮೇಲೆ ಅಮ್ಮನ ಮುಖ ನೋಡಿ ನಕ್ಕರು.

"ನಿನಗೂ ಹೇಳಿಬಿಟ್ಟಳಾ ಇವಳು?" ಅಂದರು.